ಅಟ್ಟದ ಮೇಲಿನ ಕೊಬ್ಬರಿ ಸದ್ದು

ಪ್ರಶ್ನೆ: ನಮ್ಮೂರು ತಿಪಟೂರು ತಾಲ್ಲೂಕು. ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಬಂದ ಮೇಲೆ ನಿದ್ದೆ ಹತ್ತಲ್ಲ. ಯಾರೂ ಹೆಸರೇ ಕೇಳಿರದ, ಕಡಿಮೆ ಖರ್ಚಿನ ದೆವ್ವದ ಸಿನಿಮಾಗಳನ್ನ ಫೋನಿನಲ್ಲಿ ಹುಡುಕಿ ನೋಡ್ತೀನಿ. ರೂಮಿನವರು "ಟಾರ್ಚ್ ಹಿಡ್ಕೊಂಡು ತೆಗೆದ ಸಿನಿಮಾ ಕಣೋ" ಅಂತ ಆಡ್ಕೋತಾರೆ. ಕೋಟಿಗಟ್ಟಲೆ ಸುರಿದು ಮಾಡಿದ ದೆವ್ವ ನೋಡಿದ್ರೆ ನನಗೆ ಆಕಳಿಕೆ, ಇವನ್ನ ನೋಡಿದ್ರೆ ಬಚ್ಚಲಿಗೆ ಹೋಗೋಕೂ ಭಯ. ನನ್ನ ರುಚಿಯೇ ಕೆಟ್ಟಿದೆಯಾ? ಇನ್ನೊಂದು ವಿಷಯ: ನಾವು ನಾಲ್ಕು ಜನ ಎರಡು ಲಕ್ಷ ಒಟ್ಟುಹಾಕಿ ಒಂದು ದೆವ್ವದ ಸಿನಿಮಾ ತೆಗೀಬೇಕು ಅಂತಿದ್ದೀವಿ. ಕೆಜಿಎಫ್‌ನ ಪಾಳು ಬಂಗಲೆಗಳಲ್ಲಿ ಶೂಟಿಂಗ್ ಅಂತ ಮಾತಾಡ್ಕೊಂಡಿದ್ದೀವಿ. ಸರೀನಾ? ಕೊನೇದಾಗಿ, ನೀವು ದೆವ್ವ ನಂಬ್ತೀರಾ ಸಾರ್?

ಉತ್ತರ: ನಿಮ್ಮ ರೂಮಿನವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜ ಇದೆ. ಅದನ್ನ ಮೊದಲು ಒಪ್ಪಿಕೊಂಡುಬಿಡೋಣ. ಕಡಿಮೆ ದುಡ್ಡಿನ ದೆವ್ವದ ಸಿನಿಮಾಗಳಲ್ಲಿ ಬಹುಪಾಲು ಕೆಟ್ಟವೇ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಿನಿಮಾ ಸೌಂಡ್ ಕೆಲಸ ಮಾಡುತ್ತಿದ್ದೀನಿ, ಆ ಕೆಟ್ಟವುಗಳಲ್ಲಿ ನಾಲ್ಕಾರಕ್ಕೆ ನನ್ನ ಕೈಯೂ ತಗುಲಿದೆ. ಒಂದರಲ್ಲಿ ಹದಿನೇಳು ಸಲ ಬಾಗಿಲು ತೆಗೆದುಕೊಳ್ಳುತ್ತೆ, ಹದಿನೇಳು ಸಲವೂ 'ಢಂ' ಅನ್ನಿಸಬೇಕು ಅಂತ ನಿರ್ಮಾಪಕರ ಹಟ. ಐದನೆಯ ಬಾಗಿಲಿನ ಹೊತ್ತಿಗೆ ನನಗೇ ನಗು ತಡೆಯೋಕಾಗಲಿಲ್ಲ. ಸಿನಿಮಾ ತುಮಕೂರಿನಲ್ಲಿ ಮೂರು ದಿನ ಓಡಿತು, ಅಷ್ಟು ಓಡಿದ್ದೇ ಹೆಚ್ಚು. ಹಾಗಾಗಿ ಬಡತನವೇ ಕಲೆ ಅನ್ನೋ ಮಾತನ್ನ ನನ್ನ ಬಾಯಲ್ಲಿ ನಿರೀಕ್ಷಿಸಬೇಡಿ.

ಆದರೆ ಉಳಿದ ಆ ಕಾಲು ಪಾಲು ಇದೆಯಲ್ಲ, ಅದರ ಲೆಕ್ಕ ಬೇರೆ. ಅದು ನನಗೆ ಅರ್ಥವಾಗಿದ್ದು ಒಂದು ಹರಿದ ರೀಲಿನಿಂದ.

ನಮ್ಮಜ್ಜಿಯ ಊರು ಗುಬ್ಬಿ ಕಡೆ. ಅಲ್ಲಿಂದ ಎರಡು ಮೈಲಿ ದೂರದ ದೊಡ್ಡ ಊರಿಗೆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ನೆಲಕ್ಕೆ ಮರಳು, ನಡುವೆ ಗಂಡಸರಿಗೂ ಹೆಂಗಸರಿಗೂ ಒಂದು ಮೋಟು ಗೋಡೆ. ಸೋದರಮಾವನ ಜೊತೆ ಸೆಕೆಂಡ್ ಶೋಗೆ ಹೋಗಿದ್ದೆ. ಯಾವುದೋ ದೆವ್ವದ ಸಿನಿಮಾ. ಕನ್ನಡ ಅಂತೂ ಅಲ್ಲ, ನಮ್ಮ ಸುತ್ತ ಕೂತವರಲ್ಲಿ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಒಬ್ಬ ಹೆಂಗಸು ಲಾಂದ್ರ ಹಿಡಿದು ಮೆಟ್ಟಿಲು ಇಳಿಯುತ್ತಾಳೆ, ನೆಲಮಾಳಿಗೆಯ ಬಾಗಿಲಿಗೆ ಕೈ ಇಡುತ್ತಾಳೆ, ಬಾಗಿಲು ಒಂದು ಗೇಣು ತೆರೆಯುತ್ತೆ. ಅಷ್ಟೇ. ಪರದೆ ಬೆಳ್ಳಗಾಯಿತು, ಗೀರುಗಳು ಓಡಿದವು, ಮತ್ತೆ ಚಿತ್ರ ಬಂದಾಗ ಬೆಳಗಾಗಿತ್ತು, ಆ ಹೆಂಗಸನ್ನ ಚಟ್ಟದ ಮೇಲೆ ಮಲಗಿಸಿದ್ದರು. ಊರೂರು ಸುತ್ತಿ ಸವೆದ ಪ್ರಿಂಟು. ನಡುವಿನ ತುಂಡು ಯಾವ ಊರಿನ ಟೆಂಟಿನಲ್ಲಿ ಹರಿದುಹೋಗಿತ್ತೋ. ಸೀಟಿ ಬಿತ್ತು, ಆಪರೇಟರನ ಹಿರೀಕರಿಗೆಲ್ಲ ಮಂಗಳಾರತಿ ಆಯಿತು.

ಸಿನಿಮಾ ಬಿಟ್ಟ ಮೇಲೆ ಕೆರೆ ಏರಿ ಮೇಲೆ ನಡೆದು ಬರಬೇಕು. ಸೆಲ್ಲು ಮುಗಿಯುತ್ತೆ ಅಂತ ಮಾವ ಟಾರ್ಚ್ ಹಚ್ಚುತ್ತಿರಲಿಲ್ಲ. ಅವರ ಬೀಡಿಯ ತುದಿ ಬಿಟ್ಟರೆ ಬೆಳಕಿಲ್ಲ. "ಬಾಗಿಲ ಹಿಂದೆ ಏನಿತ್ತು ಮಾವ?" ಅಂತ ಕೇಳಿದೆ. ಸ್ವಲ್ಪ ದೂರ ಅವರು ಮಾತೇ ಆಡಲಿಲ್ಲ. ಆಮೇಲೆ, "ಯಾರಿಗ್ಗೊತ್ತು, ಸುಮ್ನೆ ನಡಿ" ಅಂದರು. ಆ ದನಿಯಲ್ಲಿ ಅವರಿಗೂ ಭಯ ಆಗಿದೆ ಅನ್ನೋದು ಗೊತ್ತಾಯಿತು. ಆ ಎರಡು ಮೈಲಿಯಲ್ಲಿ ನಾನು ಕಂಡ ದೆವ್ವಗಳನ್ನ ಇವತ್ತಿಗೂ ಯಾವ ಸಿನಿಮಾವೂ ತೋರಿಸಿಲ್ಲ.

ಇಪ್ಪತ್ತು ವರ್ಷ ಆದ ಮೇಲೆ ಅದೇ ಸಿನಿಮಾ ಸಿ.ಡಿ.ಯಲ್ಲಿ ಸಿಕ್ಕಿತು. ಬಾಗಿಲು ಪೂರ್ತಿ ತೆರೆಯಿತು. ಹಿಂದೆ ನಿಂತಿದ್ದದ್ದು ರಬ್ಬರ್ ಮುಖವಾಡ ಹಾಕಿದ ಒಬ್ಬ ದಾಂಡಿಗ. ಕುತ್ತಿಗೆ ಹತ್ತಿರ ಮುಖವಾಡದ ಅಂಚು ಎದ್ದು ಕಾಣುತ್ತಿತ್ತು.

'ಅಂದರೆ ತೋರಿಸದಿದ್ದರೆ ಹೆಚ್ಚು ಭಯ ಅಂತೀರಿ, ಅಷ್ಟೇ ತಾನೇ' ಅನ್ನಬಹುದು ನೀವು. ಈ ಮಾತನ್ನ ಎಲ್ಲರೂ ಹೇಳುತ್ತಾರೆ, ತಪ್ಪೂ ಅಲ್ಲ, ಆದರೆ ಅರ್ಧ. ಆ ಟೆಂಟಿನಲ್ಲಿ ನನ್ನನ್ನ ಹಿಡಿದು ಅಲುಗಾಡಿಸಿದ್ದು ಬೇರೆ. ಆ ಹೆಂಗಸು ಸಾಯೋದಿಲ್ಲ ಅಂತ ನಾನು ನಂಬಿಕೊಂಡಿದ್ದೆ, ಸತ್ತೇಹೋದಳು. ಏನಾಯಿತು ಅಂತ ತೋರಿಸುತ್ತಾರೆ ಅಂತ ನಂಬಿಕೊಂಡಿದ್ದೆ, ತೋರಿಸಲಿಲ್ಲ. ಸಿನಿಮಾ ನನಗೆ ಕೊಟ್ಟಿದ್ದ ಜಾಮೀನು ಕಳಚಿಬಿತ್ತು.

ದೊಡ್ಡ ಸಿನಿಮಾ ಟಿಕೆಟ್ ಜೊತೆಗೇ ಒಂದು ಜಾಮೀನು ಪತ್ರ ಬರೆದು ಕೊಟ್ಟಿರುತ್ತೆ. ಪೋಸ್ಟರ್ ಮೇಲಿರೋ ಹೀರೋ ಇಂಟರ್‌ವಲ್‌ಗೆ ಮುಂಚೆ ಸಾಯಲ್ಲ. ಹೆದರಿಸಿದ ಐದು ನಿಮಿಷಕ್ಕೆ ಒಬ್ಬ ಕಾಮಿಡಿಯನ್ ಬಂದು ನಗಿಸಿ ಬೆನ್ನು ತಟ್ಟುತ್ತಾನೆ. ಕೊನೆಗೊಬ್ಬ ಮಂತ್ರವಾದಿಯೋ ಮನೋವೈದ್ಯನೋ ಬಂದು ಎಲ್ಲಕ್ಕೂ ಕಾರಣ ಹೇಳುತ್ತಾನೆ. ಅಷ್ಟು ದುಡ್ಡು ಹಾಕಿದವನು ನಿಮ್ಮನ್ನ ನಡುದಾರಿಯಲ್ಲಿ ಬಿಟ್ಟುಹೋಗಲ್ಲ. ಅದು ನಿಮಗೂ ಗೊತ್ತು, ಅದಕ್ಕೇ ಆಕಳಿಕೆ. ಯಾರೂ ಕೇಳಿರದ, ಮುಖ ಪರಿಚಯವಿಲ್ಲದ ನಟರ, ರಾತ್ರಿ ಒಂದೂವರೆಗೆ ಅಕಸ್ಮಾತ್ ಸಿಕ್ಕ ಸಿನಿಮಾ ಇದೆಯಲ್ಲ, ಅದು ಯಾವ ಪತ್ರಕ್ಕೂ ಸಹಿ ಹಾಕಿಲ್ಲ. ಯಾರು ಸಾಯ್ತಾರೆ, ಕಥೆ ಮುಗಿಯುತ್ತಾ, ತೆಗೆದವನ ತಲೆ ನೆಟ್ಟಗಿದೆಯಾ, ಒಂದಕ್ಕೂ ಖಾತ್ರಿ ಇಲ್ಲ. ನಿಮ್ಮ ರುಚಿ ಕೆಟ್ಟಿಲ್ಲ ಮಾರಾಯ್ರೇ. ನೀವು ಜಾಮೀನಿಲ್ಲದ ಜಾಗಕ್ಕೆ ಹೋಗೋದನ್ನ ರೂಢಿ ಮಾಡಿಕೊಂಡಿದ್ದೀರಿ.

ಹಾಗಂತ ನಮ್ಮ ಜಿಲ್ಲೆಯವರಿಗೆ ವೈಭವ ಕಂಡರೆ ಆಗಲ್ಲ ಅಂತೇನಿಲ್ಲ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನ ರಂಗದ ಮೇಲೆ ತಂದ ಗುಬ್ಬಿ ಕಂಪನಿ ನಮ್ಮದೇ. ಆನೆ ಬಂದರೆ ಬಾಯಿ ಬಿಟ್ಟು ನೋಡುತ್ತೀವಿ. ಬಾಯಿ ಬಿಡೋದು ಬೇರೆ, ಬೆನ್ನಿಗೆ ಚಳಿ ಏರೋದು ಬೇರೆ.

ಈ ಕಸುಬಿನ ಮೊದಲ ಪಾಠ 1942ರದ್ದು. ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೋ ನಷ್ಟದಲ್ಲಿತ್ತು. ವಾಲ್ ಲ್ಯೂಟನ್ ಅನ್ನೋರನ್ನ ಕೂರಿಸಿ ಅಗ್ಗದ ಭಯದ ಸಿನಿಮಾ ಮಾಡಿಕೊಡಿ ಅಂದರು. ಕಟ್ಟಳೆಗಳೂ ಇದ್ದವು: ಖರ್ಚು ಒಂದೂವರೆ ಲಕ್ಷ ಡಾಲರ್ ದಾಟಬಾರದು, ಉದ್ದ 75 ನಿಮಿಷ ಮೀರಬಾರದು, ಹೆಸರು ಸ್ಟುಡಿಯೋದವರೇ ಇಡುತ್ತಾರೆ. ಹಾಗೆ ಕೊಟ್ಟ ಮೊದಲ ಹೆಸರು 'ಕ್ಯಾಟ್ ಪೀಪಲ್'. ಚಿರತೆಯಾಗಿ ಬದಲಾಗುವ ಹೆಂಗಸಿನ ಕಥೆ. ನಿರ್ದೇಶಕ ಜಾಕ್ ಟೂರ್ನರ್. ಬೇರೆ ಸಿನಿಮಾಕ್ಕೆ ಕಟ್ಟಿದ್ದ ಭಾರೀ ಮೆಟ್ಟಿಲಿನ ಸೆಟ್ಟನ್ನೇ ಮತ್ತೆ ಬಳಸಿಕೊಂಡರು.

ಅದರಲ್ಲಿ ಒಂದು ದೃಶ್ಯ ಇದೆ, ಸೌಂಡ್ ಕೆಲಸ ಕಲಿಯೋಕೆ ಬರುವ ಹುಡುಗರಿಗೆ ನಾನು ಮೊದಲು ತೋರಿಸೋದೇ ಅದನ್ನ. ರಾತ್ರಿ, ಪಾರ್ಕಿನ ಪಕ್ಕದ ರಸ್ತೆ. ಮುಂದೆ ಒಬ್ಬಳು, ಹಿಂದೆ ಇನ್ನೊಬ್ಬಳು. ಎರಡು ಜೊತೆ ಹಿಮ್ಮಡಿಯ ಸದ್ದು: ಟಕ್ ಟಕ್, ಟಕ್ ಟಕ್. ಸಂಗೀತ ಇಲ್ಲ. ಇದ್ದಕ್ಕಿದ್ದಂತೆ ಹಿಂದಿನವಳ ಸದ್ದು ನಿಂತುಹೋಗುತ್ತೆ. ಗಮನಿಸಿ, ಅಲ್ಲಿ ಸೇರಿಸಿದ್ದು ಏನೂ ಇಲ್ಲ, ತೆಗೆದದ್ದು ಮಾತ್ರ. ಮುಂದಿನವಳು ತಿರುಗಿ ನೋಡುತ್ತಾಳೆ. ಖಾಲಿ ರಸ್ತೆ, ದೀಪದ ಕಂಬ. ಓಟ ಕೀಳುತ್ತಾಳೆ. ಆಗ ಪಕ್ಕದಿಂದ ಮೃಗ ಬುಸುಗುಟ್ಟಿದ ಹಾಗೆ ಒಂದು ಸದ್ದು, ಎದೆ ಬಾಯಿಗೆ ಬರುತ್ತೆ. ನೋಡಿದರೆ ಬ್ರೇಕ್ ಹಾಕಿ ನಿಂತ ಸಿಟಿ ಬಸ್ಸು. ಇವತ್ತು ಎಲ್ಲ ಸಿನಿಮಾದಲ್ಲೂ ಕೇಳೋ 'ಢಂ'ಗಳ ಮೂಲಪುರುಷ ಆ ಬಸ್ಸು. ಆದರೆ ಬಸ್ಸಿಗಿಂತ ಮುಂಚೆ ಸದ್ದು ನಿಂತಿತ್ತಲ್ಲ, ಆ ಭಾಗವನ್ನ ಮೊಮ್ಮಕ್ಕಳು ಮರೆತರು. ನನ್ನ ಹದಿನೇಳು ಬಾಗಿಲಿನ ನಿರ್ಮಾಪಕರೂ ಮರೆತಿದ್ದರು.

ಇನ್ನು ನಿಮ್ಮ ಕೆಜಿಎಫ್ ಆಸೆಗೆ ನೇರವಾಗಿ ತಾಗುವ ಸಿನಿಮಾ 'ಕಾರ್ನಿವಲ್ ಆಫ್ ಸೋಲ್ಸ್', 1962ರದ್ದು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೀನಿ, ಬೇಜಾರಾಗಬೇಡಿ.

ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಅನ್ನೋ ಊರಿನಲ್ಲಿ ಹರ್ಕ್ ಹಾರ್ವಿ ಅಂತ ಒಬ್ಬರಿದ್ದರು. ಶಾಲೆಗಳಿಗೆ, ಕಾರ್ಖಾನೆಗಳಿಗೆ ಪಾಠದ ಚಿತ್ರ ಮಾಡಿಕೊಡುವ ಕಂಪನಿಯಲ್ಲಿ ನೌಕರಿ. ಒಂದು ಸಲ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ವಾಪಸು ಬರುತ್ತಾ, ಉಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಪಕ್ಕ ಸಾಲ್ಟೇರ್ ಅನ್ನೋ ಪಾಳುಬಿದ್ದ ವಿಹಾರ ಮಂದಿರ ಕಂಡರು. ಒಂದು ಕಾಲಕ್ಕೆ ಜನ ಕಿಕ್ಕಿರಿದು ಕುಣಿಯುತ್ತಿದ್ದ ಜಾಗ. ಈಗ ಸರೋವರ ಹಿಂದೆ ಸರಿದು, ಗುಮ್ಮಟಗಳ ಕಟ್ಟಡ ಉಪ್ಪಿನ ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಊರಿಗೆ ಬಂದವರೇ ಸಹೋದ್ಯೋಗಿ ಜಾನ್ ಕ್ಲಿಫರ್ಡ್‌ಗೆ, 'ಆ ಹಾಲಿನಲ್ಲಿ ಸತ್ತವರು ಕುಣಿಯಬೇಕು, ಅಲ್ಲಿಗೆ ಮುಟ್ಟೋ ಹಾಗೆ ಒಂದು ಕಥೆ ಬರಿ' ಅನ್ನೋ ಅರ್ಥದಲ್ಲಿ ಹೇಳಿದರು. ಖರ್ಚು ಸುಮಾರು 33,000 ಡಾಲರ್. ಆಗಿನ ದರದಲ್ಲಿ ನಮ್ಮ ಒಂದೂವರೆ ಲಕ್ಷ ರೂಪಾಯಿ ಚಿಲ್ಲರೆ. (ಆ ಒಂದೂವರೆ ಲಕ್ಷ ನಿಮ್ಮ ಎರಡು ಲಕ್ಷಕ್ಕೆ ಸಮ ಅಂದುಕೊಂಡೀರಿ ಮತ್ತೆ.) ಕೆಲಸಕ್ಕೆ ಮೂರು ವಾರ ರಜೆ ಹಾಕಿ ಶೂಟಿಂಗ್. ನಾಯಕಿಯನ್ನ ಹಿಂಬಾಲಿಸುವ ಬಿಳಿಚಿಕೊಂಡ ಮುಖದ ಗಂಡಸಿನ ವೇಷ ಹಾರ್ವಿ ಅವರದೇ.

ಕಥೆ ಇಷ್ಟೇ: ಕಾರು ಸೇತುವೆಯಿಂದ ನದಿಗೆ ಬೀಳುತ್ತೆ. ಎಷ್ಟೋ ಹೊತ್ತಾದ ಮೇಲೆ ಮೇರಿ ಒಬ್ಬಳು ಕೆಸರು ಮೆತ್ತಿಕೊಂಡು ದಡಕ್ಕೆ ಬರುತ್ತಾಳೆ. ಬೇರೆ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸೋ ಕೆಲಸಕ್ಕೆ ಸೇರುತ್ತಾಳೆ. ಇಡೀ ಸಿನಿಮಾದ ಸಂಗೀತವೂ ಆರ್ಗನ್ ಒಂದೇ. ದುಡ್ಡಿಲ್ಲದ್ದಕ್ಕೆ ವಾದ್ಯ ಒಂದೇ ಆಯಿತೋ, ಕಥೆಗೆ ಬೇಕಾಗಿ ಒಂದೇ ಆಯಿತೋ ಅಂತ ನೋಡುವವನಿಗೆ ಬಿಡಿಸಿ ಹೇಳೋಕೆ ಬರಲ್ಲ. ಕೊರತೆ ಕಥೆಯೊಳಗೆ ಹಾಗೆ ಕರಗಿದಾಗಲೇ ಅಗ್ಗದ ಸಿನಿಮಾ ಅಗ್ಗ ಅನ್ನಿಸೋದು ಬಿಡುತ್ತೆ.

ಮೇರಿ ಅಂಗಡಿಯೊಂದರಲ್ಲಿ ಬಟ್ಟೆ ಹಾಕಿ ನೋಡುತ್ತಿರುತ್ತಾಳೆ. ಚಿತ್ರ ನೀರಿನ ಹಾಗೆ ಒಮ್ಮೆ ಅಲುಗುತ್ತೆ. ಹೊರಗೆ ಬಂದರೆ ಅಂಗಡಿಯವಳಿಗೆ ಇವಳ ಮಾತು ಕೇಳಿಸುತ್ತಿಲ್ಲ, ಇವಳು ಕಾಣಿಸುತ್ತಲೂ ಇಲ್ಲ. ಬೀದಿಗೆ ಬರುತ್ತಾಳೆ. ಜನ ಓಡಾಡುತ್ತಿದ್ದಾರೆ, ವಾಹನ ಹೋಗುತ್ತಿವೆ, ಸದ್ದಿಲ್ಲ. ಪಾರ್ಕಿನಲ್ಲಿ ಒಂದು ಮರ ಮುಟ್ಟಿ ನಿಂತಾಗ ಹಕ್ಕಿ ಕೂಗು ವಾಪಸು ಬರುತ್ತೆ, ಹಿಂದೆಯೇ ಲೋಕವೂ ಬರುತ್ತೆ. ಈ ದೃಶ್ಯದಲ್ಲಿ ದೆವ್ವ ಇಲ್ಲ, ಕತ್ತಲಿಲ್ಲ, ನಡುಹಗಲು. ಮಿಕ್ಸಿಂಗ್ ಟೇಬಲ್ ಮೇಲೆ ಒಂದು ಗುಂಡಿ ಕೆಳಗೆ ಎಳೆದದ್ದು ಬಿಟ್ಟರೆ ಖರ್ಚೇ ಇಲ್ಲ. ನಾನು ಇದನ್ನ ಮೊದಲು ನೋಡಿದ ಮಾರನೇ ದಿನ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಂಡಕ್ಟರುಗಳ "ಸಿರಾ, ಸಿರಾ, ಮಧುಗಿರಿ" ಕೂಗು ಒಂದು ಕ್ಷಣ ಅಕಸ್ಮಾತ್ ತಾನಾಗೇ ನಿಂತಿತು, ಅಷ್ಟಕ್ಕೇ ಕೈ ತಣ್ಣಗಾಯಿತು. ಅಷ್ಟು ಹೊತ್ತೂ ಆ ದೃಶ್ಯ ನನ್ನ ಬೆನ್ನಿಗೇ ಕೂತಿತ್ತು.

ಬಿಡುಗಡೆಯಾದಾಗ ಸಿನಿಮಾ ಯಾರ ಕಣ್ಣಿಗೂ ಬೀಳಲಿಲ್ಲ. ಹಾರ್ವಿ ಮತ್ತೊಂದು ಪೂರ್ಣ ಪ್ರಮಾಣದ ಕಥಾಚಿತ್ರ ಮಾಡಲೇ ಇಲ್ಲ, ಪಾಠದ ಚಿತ್ರಗಳಿಗೇ ವಾಪಸಾದರು. ಆಮೇಲೆ ಅಲ್ಲಿನ ಟಿ.ವಿ. ಚಾನೆಲ್‌ಗಳು ನಡುರಾತ್ರಿಯ ಖಾಲಿ ಹೊತ್ತು ತುಂಬಿಸೋಕೆ ಇದನ್ನ ಹಾಕಿದವು. ನಿದ್ದೆ ಬಾರದವರು, ನಿಮ್ಮ ಹಾಗೆ ಪಾಳಿ ಮುಗಿಸಿ ಬಂದವರು ನೋಡಿದರು. 1989ರಲ್ಲಿ ಮತ್ತೆ ಥಿಯೇಟರಿಗೆ ಬಂತು. ಅಮೆರಿಕದಲ್ಲಿ ಈಗ ಅದರ ಮೇಲೆ ಯಾರಿಗೂ ಹಕ್ಕಿಲ್ಲ, ಸುಲಭವಾಗಿ ಸಿಗುತ್ತೆ. ಮೊದಲು ಇದನ್ನ ನೋಡಿ.

ಸಾಲ್ಟೇರ್ ಕಥೆ ಕೇಳಿ "ನೋಡಿ ಸಾರ್, ಅವರೂ ಪಾಳು ಜಾಗಕ್ಕೇ ಹೋದರು" ಅಂತ ನೀವು ಕೆಜಿಎಫ್ ಎತ್ತುತ್ತೀರಿ. ವ್ಯತ್ಯಾಸ ಇದೆ. ಹಾರ್ವಿಗೆ ಆ ಜಾಗ ತಾನಾಗಿ ಎದುರಾಯಿತು, ಕಂಡ ಗಳಿಗೆಯಲ್ಲಿ ಅವರೇ ಹೆದರಿದರು. ಕೆಜಿಎಫ್‌ಗೆ ನೀವು ಹೊರಟಿರೋದು ಅದು ಹೆದರಿಸುತ್ತೆ ಅಂತ ಬೇರೆಯವರು ಹೇಳಿದ್ದಕ್ಕೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ಅಲ್ಲಿನ ಸೈನೈಡ್ ದಿಬ್ಬಗಳನ್ನ, ಬ್ರಿಟಿಷರ ಬಂಗಲೆಗಳನ್ನ ಎಷ್ಟು ಕ್ಯಾಮೆರಾ ನೋಡಿವೆಯೋ. ಫ್ರೇಮಿನಲ್ಲಿ ಪಾಳು ಬಂಗಲೆ ಬಂದ ಕೂಡಲೇ ನೋಡುವವನು 'ಓ, ದೆವ್ವ ಇಲ್ಲಿದೆ' ಅಂತ ಬೆನ್ನು ಒರಗಿಸಿ ಕೂರುತ್ತಾನೆ. ಅದೂ ಒಂದು ಜಾಮೀನೇ. ಇನ್ನೊಂದು ಮಾತು, ಇದು ಸಿನಿಮಾದ್ದಲ್ಲ: ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಹಳೇ ಶಾಫ್ಟುಗಳ (ಗಣಿಗೆ ಇಳಿಯೋ ಬಾವಿಗಳ) ಸುತ್ತ ಕತ್ತಲಲ್ಲಿ ಟ್ರೈಪಾಡ್ ಹೊತ್ತು ಅಲೆಯೋದು ಬುದ್ಧಿವಂತಿಕೆ ಅಲ್ಲ, ಅನುಮತಿ ಇಲ್ಲದೆ ಅಂತೂ ಕಾಲಿಡಲೇಬೇಡಿ. ಆಳದಲ್ಲಿ ಬಂಡೆ ಸಿಡಿದು ಸತ್ತವರ ಮನೆಯವರು ಆ ಊರಿನಲ್ಲಿ ಇವತ್ತಿಗೂ ಇದ್ದಾರೆ. ಅವರ ಮನೆ ಮುಂದೆ ಬಿಳಿ ಸೀರೆ ಉಡಿಸಿ ಓಡಿಸೋದು ನನಗಂತೂ ಸರಿ ಕಾಣಲ್ಲ.

ಕಡಿಮೆ ದುಡ್ಡಿನವರು ಮನೆಯೊಳಗೇ ತೆಗೆದು ಗೆದ್ದಿರೋದೂ ಉಂಟು. ಓರೆನ್ ಪೆಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ತೆಗೆದದ್ದು ಸ್ಯಾನ್ ಡಿಯೆಗೋದ ತಮ್ಮ ಸ್ವಂತ ಮನೆಯಲ್ಲಿ, ಸುಮಾರು 15,000 ಡಾಲರಿನಲ್ಲಿ, ಒಂದು ವಾರದಲ್ಲಿ. ಅದೀಗ ಲೋಕಪ್ರಸಿದ್ಧ, ನಿಮ್ಮ ಪಟ್ಟಿಗೆ ಸೇರಲ್ಲ. ಸೇರೋದು 2022ರ 'ಸ್ಕಿನಮರಿಂಕ್'. ಕೈಲ್ ಎಡ್ವರ್ಡ್ ಬಾಲ್ ಅನ್ನೋ ಕೆನಡಾದ ಹುಡುಗ ತಾನು ಬೆಳೆದ ಮನೆಯಲ್ಲೇ, ಇದನ್ನೂ 15,000 ಡಾಲರಿನಲ್ಲೇ ತೆಗೆದದ್ದು. ಎರಡು ಮಕ್ಕಳು ರಾತ್ರಿ ಏಳುತ್ತಾರೆ. ಅಪ್ಪ ಇಲ್ಲ, ಬಾಗಿಲುಗಳಿಲ್ಲ, ಕಿಟಕಿಗಳಿಲ್ಲ. ಮುಖಗಳೇ ಸರಿಯಾಗಿ ಕಾಣಲ್ಲ: ಸೂರಿನ ಮೂಲೆ, ಕಾರ್ಪೆಟ್ಟು, ಟಿ.ವಿ.ಯ ನೀಲಿ ಬೆಳಕು. ಕತ್ತಲ ತುಂಬ ಮರಳು ಕಾಳಿನಂಥ ಚುಕ್ಕೆ ಕುಣಿಯುತ್ತವೆ. ಆ ಚುಕ್ಕೆಗಳಲ್ಲಿ ನಮ್ಮ ಕಣ್ಣೇ ಮುಖ ಹುಡುಕಲು ಶುರು ಮಾಡುತ್ತೆ, ಹುಡುಕಿದರೆ ಸಿಕ್ಕೇ ಸಿಗುತ್ತೆ. ನನ್ನ ಹೆಂಡತಿ ಇಪ್ಪತ್ತು ನಿಮಿಷಕ್ಕೆ ನಿದ್ದೆ ಹೋದರು. ನಾನು ಎದ್ದು ದೀಪ ಹಾಕಿದೆ. ಎರಡೂ ನ್ಯಾಯವಾದ ವಿಮರ್ಶೆಯೇ.

ಮನೆ ಯಾಕೆ ಅಂದರೆ, 'ನಾಳೆ ಬಾ' ನೆನಪು ಮಾಡಿಕೊಳ್ಳಿ. ನಿಮಗೆ ನೆನಪಿರಲಿಕ್ಕಿಲ್ಲ, ಮನೆಯಲ್ಲಿ ಹಿರಿಯರನ್ನ ಕೇಳಿ. ತೊಂಬತ್ತರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ, ನಮ್ಮ ಕಡೆಯ ಹಳ್ಳಿಗಳಲ್ಲೂ ಬಾಗಿಲ ಮೇಲೆ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಕದ ತಟ್ಟುತ್ತೆ, ನಿಮ್ಮ ಅಮ್ಮನದೋ ಅಣ್ಣನದೋ ದನಿಯಲ್ಲಿ ಕರೆಯುತ್ತೆ, ತೆಗೆದರೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಕಂಡರೆ ಓದಿಕೊಂಡು ಹಿಂದಕ್ಕೆ ಹೋಗುತ್ತೆ, ಮಾರನೇ ದಿನವೂ ಹಾಗೇ. ಕನ್ನಡ ಓದು ಬರಹ ಬಲ್ಲ, ಹೇಳಿದ ಮಾತು ಕೇಳುವ ದೆವ್ವ! ನಗು ಬರುತ್ತೆ. ಆದರೆ ಅದರ ಖರ್ಚು ಲೆಕ್ಕ ಹಾಕಿ: ಒಂದು ಸೀಮೆಸುಣ್ಣ, ಒಂದು ಕದ, ಹೊರಗಿನಿಂದ ಅಮ್ಮನ ದನಿ. ನಾನು ಕೇಳಿದ ಭಯದ ಕಥೆಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇಲ್ಲ. ಕೋಟೆ, ಗಣಿ, ಬಂಗಲೆ ಎಲ್ಲ ಬಿಟ್ಟು ನೇರ ನಿಮ್ಮ ಚಿಲಕಕ್ಕೇ ಕೈ ಹಾಕುತ್ತೆ.

ಇನ್ನೊಂದು ಸಿನಿಮಾ ಹೇಳಬೇಕು, ಆದರೆ ಕಥೆ ಬಿಚ್ಚಲ್ಲ. 2008ರ ಆಸ್ಟ್ರೇಲಿಯಾದ 'ಲೇಕ್ ಮಂಗೋ', ಜೋಯೆಲ್ ಆ್ಯಂಡರ್ಸನ್ ನಿರ್ದೇಶನ. ಮುಳುಗಿ ಸತ್ತ ಹದಿನಾರರ ಹುಡುಗಿ, ಅವಳ ಮನೆಯವರ ಸಂದರ್ಶನಗಳು, ಟಿ.ವಿ. ಸಾಕ್ಷ್ಯಚಿತ್ರದ ಹಾಗೇ ಇದೆ. ನಡುವೆ ಒಂದು ಕಡೆ ಸಿನಿಮಾ ತಾನಾಗೇ, 'ಆಗ ತೋರಿಸಿದೆವಲ್ಲ, ಅದು ನಿಜವಲ್ಲ' ಅಂತ ಒಪ್ಪಿಕೊಂಡುಬಿಡುತ್ತೆ. ನೀವು ಉಸ್ಸಪ್ಪಾ ಅಂತ ಹಗುರಾಗುತ್ತೀರಿ. ಆಮೇಲೆ ಹುಡುಗಿಯ ಫೋನಿನ ಒಂದು ವಿಡಿಯೋ ಬರುತ್ತೆ, ಹಳೇ ಫೋನು, ಬಣ್ಣ ಕಲಸಿದ ಚಿತ್ರ. ಅದನ್ನ ಒಬ್ಬರೇ ನೋಡಬೇಡಿ ಅನ್ನಲ್ಲ, ನೋಡಿದ ಮೇಲೆ ನಿಮ್ಮ ಫೋನನ್ನ ಮಂಚದ ಪಕ್ಕ ಇಟ್ಟುಕೊಳ್ಳಬೇಡಿ. ಭಯಕ್ಕಿಂತ ದುಃಖ ಜಾಸ್ತಿ ಇರೋ ಸಿನಿಮಾ. ತೀರಿಕೊಂಡವರ ಫೋನಿನ ಗ್ಯಾಲರಿ ತೆರೆದು ನೋಡಿದವರಿಗೆ ಬೇಗ ತಟ್ಟುತ್ತೆ.

ನಮ್ಮ ದೇಶದ್ದೇನು ಅಂತ ಕೇಳಿದರೆ ಹಿಂದಿ ದೆವ್ವದ ಸಿನಿಮಾಗಳ ರಾಮ್ಸೆ ಸಹೋದರರನ್ನ ಬಿಡೋ ಹಾಗಿಲ್ಲ. ಏಳು ಜನ ಅಣ್ಣತಮ್ಮಂದಿರು, ಕ್ಯಾಮೆರಾಗೊಬ್ಬ, ಸೌಂಡಿಗೊಬ್ಬ, ನಿರ್ದೇಶನಕ್ಕಿಬ್ಬರು. 1970ರಲ್ಲಿ ಅಪ್ಪ ತೆಗೆದ ಒಂದು ಸಿನಿಮಾ ಮಕಾಡೆ ಮಲಗಿತು. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿ ಕಳ್ಳತನಕ್ಕೆ ಬರೋ ಒಂದು ದೃಶ್ಯಕ್ಕೆ ಮಾತ್ರ ಜನ ಬೆಚ್ಚುತ್ತಿದ್ದರು, ಅದಷ್ಟನ್ನೇ ನೋಡೋಕೆ ಮತ್ತೆ ಬರುತ್ತಿದ್ದರು. ಹಾಗಾದರೆ ಇಡೀ ಸಿನಿಮಾ ಅಂಥದ್ದೇ ಮಾಡೋಣ ಅಂತ 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ತೆಗೆದರು, ಮಹಾಬಲೇಶ್ವರದ ಒಂದು ಅತಿಥಿಗೃಹದಲ್ಲಿ ಎಲ್ಲರೂ ಬಿಡಾರ ಹೂಡಿ. ಸಣ್ಣ ಊರಿನ ಟಾಕೀಸುಗಳೇ ಅವರನ್ನ ಸಾಕಿದ್ದು. ರಬ್ಬರ್ ಮುಖವಾಡದ ಚಟ ಅವರಿಗೆ ಕೊನೆವರೆಗೂ ಬಿಡಲಿಲ್ಲ, ಹಾಗಾಗಿ ಭಯಕ್ಕೆ ಅಂತ ನಾನು ಅವರ ಸಿನಿಮಾ ಹಾಕಲ್ಲ, ಪ್ರೀತಿಗೆ ಹಾಕುತ್ತೀನಿ. ಕನ್ನಡದಲ್ಲಿ 2013ರ '6-5=2' ಹುಡುಕಿ ನೋಡಿ. ಟ್ರೆಕ್ಕಿಂಗ್ ಹೋದ ಹುಡುಗರು, ಕೈಯಲ್ಲಿ ಹಿಡಿದ ಕ್ಯಾಮೆರಾ, ಸ್ಟಾರ್‌ಗಳಿಲ್ಲ. ಮಾತು ಸ್ವಲ್ಪ ಅತಿ, ಆದರೆ ಯಾರು ಉಳಿಯುತ್ತಾರೆ ಅನ್ನೋದಕ್ಕೆ ಖಾತ್ರಿ ಇಲ್ಲದ ಕಾಡು ಅದು.

ಸರಿ, ನಿಮ್ಮ ಎರಡು ಲಕ್ಷಕ್ಕೆ ಬರೋಣ. ತಿಪಟೂರು ಕಡೆಯವರು ಅಂದಿರಿ, ಮನೆಯಲ್ಲಿ ಅಟ್ಟ ಇದ್ದೇ ಇರುತ್ತೆ ಅಂದುಕೊಂಡು ಬರೆಯುತ್ತಿದ್ದೀನಿ. ಕೆಲವು ವರ್ಷದ ಹಿಂದೆ ಒಂದು ಸಾಕ್ಷ್ಯಚಿತ್ರದ ಕೆಲಸಕ್ಕೆ ನಿಮ್ಮ ಕಡೆಯ ಒಂದು ಹಳೇ ಮನೆಯಲ್ಲಿ ಉಳಿದಿದ್ದೆ. ಪಡಸಾಲೆಯಲ್ಲಿ ಹಾಸಿಗೆ, ಮೇಲೆ ಅಟ್ಟದ ತುಂಬ ಉಂಡೆಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ನಡುರಾತ್ರಿ ಎಚ್ಚರ ಆಯಿತು. ತಲೆ ಮೇಲೆ ಏನೋ ಉರುಳಿತು, ನಿಂತಿತು. ಒಳಗಿನಿಂದ ಒಂದು ಮಂದ ಸದ್ದು: ಲೊಟಕ್. ಮತ್ತೆ ಉರುಳಿತು, ಮತ್ತೆ ಲೊಟಕ್, ಈ ಸಲ ಒಂದು ಮೊಳ ಹತ್ತಿರ. ನನ್ನ ಕಸುಬೇ ಸದ್ದು. ಇದೇನು ಅಂತ ನನಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ಹೊದಿಕೆ ಎಳೆದುಕೊಂಡು ಬೆಳಗಿನವರೆಗೆ ಹಾಗೇ ಬಿದ್ದಿದ್ದೆ. ಕಾಫಿ ಕೊಡುತ್ತಾ ಆ ಮನೆಯ ಅಜ್ಜಿ ನಕ್ಕರು: "ಇಲಿ ಕಣಪ್ಪ. ಹತ್ತನ್ನೊಂದು ತಿಂಗಳಾತು, ಗಿಟುಕು ಕರಟ ಬಿಟ್ಟೈತೆ, ಉಳ್ಳಿದ್ರೆ ಒಳಗೇ ಬಡೀತದೆ."

ಗಿಟುಕು ಅಂದರೆ ಕಾಯೊಳಗೇ ಒಣಗಿದ ಕೊಬ್ಬರಿ ಉಂಡೆ. ನೀವು ಆ ಸದ್ದಿನ ಕೆಳಗೇ ಮಲಗಿ ಬೆಳೆದವರು, ನಿಮಗದು ಜೋಗುಳ. ಹೊರಗಿನವರಿಗೆ ಕೇಳಿಸಿ ನೋಡಿ. ಕೆಜಿಎಫ್ ಬಿಡಿ, ಅಟ್ಟ ಹತ್ತಿ.

ಕೆಲಸದ ಮಾತು ಎರಡು. ಫೋನಿನಲ್ಲಿ ಶೂಟ್ ಮಾಡಿದರೂ ಪರವಾಗಿಲ್ಲ, ಫೋನಿನಲ್ಲಿ ಸೌಂಡ್ ಮಾತ್ರ ಹಿಡಿಯಬೇಡಿ. ಸುತ್ತ ಸದ್ದು ಕಮ್ಮಿಯಾದ ತಕ್ಷಣ ಫೋನು ತಾನಾಗೇ ಮೈಕಿನ ಗೇನ್ (ಸದ್ದು ಹಿಗ್ಗಿಸೋ ಮಟ್ಟ) ಏರಿಸುತ್ತೆ, ನಿಮಗೆ ನಿಶ್ಶಬ್ದ ಬೇಕಾದ ಕಡೆಯೇ 'ಸುಂಯ್' ಅನ್ನೋ ಸದ್ದು ಉಬ್ಬುತ್ತೆ. ಒಂದು ಸಣ್ಣ ರೆಕಾರ್ಡರ್ ಬಾಡಿಗೆಗೆ ತನ್ನಿ, ಲೆವೆಲ್ ಆಟೋಗೆ ಬಿಡದೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯನ್ನ ರೆಕಾರ್ಡ್ ಮಾಡಿ, ರೂಮ್ ಟೋನ್ ಅಂತೀವಿ. ಖಾಲಿ ಕೋಣೆಗೂ ಒಂದು ಉಸಿರಿರುತ್ತೆ; ಅಡುಗೆಮನೆಯದು ಬೇರೆ, ದೇವರ ಮನೆಯದು ಬೇರೆ. ಅದನ್ನ ಇಡೀ ಸಿನಿಮಾ ಕೆಳಗೆ ಹಾಸಿರಬೇಕು. ಹಾಸಿದ್ದರೆ ತಾನೇ ಒಂದು ಕಡೆ ಕಿತ್ತು ಹೆದರಿಸೋಕೆ ಆಗೋದು, ಅಂಗಡಿಯಲ್ಲಿ ಮೇರಿಗೆ ಆದ ಹಾಗೆ.

ಬೆಳಕಿನ ಕೆಲಸ ನನ್ನದಲ್ಲ, ಆದರೂ ಒಂದು ಮಾತು: ಪೂರ್ತಿ ರಾತ್ರಿ ಬೇಡ. ಮೂರು ಗಂಟೆ ಮಧ್ಯಾಹ್ನದ ಹೊತ್ತಲ್ಲಿ ಎಲ್ಲರೂ ತೋಟಕ್ಕೆ ಹೋಗಿ ಮನೆ ಖಾಲಿ ಇರುತ್ತಲ್ಲ, ಹೆಂಚಿನ ಸಂದಿಯಿಂದ ಒಂದು ಕೋಲು ಬಿಸಿಲು ಬಿದ್ದಿರುತ್ತಲ್ಲ, ಆ ಹೊತ್ತು ಹಿಡಿಯಿರಿ. ದೆವ್ವ ಬರಲೇಬೇಕು ಅಂದರೆ ಹಿಂದೆ ದೂರದಲ್ಲಿ, ಅಲುಗದೆ ನಿಲ್ಲಲಿ. ಸಂಗೀತ ಅದನ್ನ ಬೆರಳು ಮಾಡಿ ತೋರಿಸದಿರಲಿ. ಹತ್ತು ಜನರಲ್ಲಿ ಇಬ್ಬರು ನೋಡಿದರೆ ಸಾಕು, ಮಿಕ್ಕ ಎಂಟು ಜನಕ್ಕೆ ಆ ಇಬ್ಬರು ಹೇಳುತ್ತಾರೆ. ಕೊನೆಯಲ್ಲಿ ಯಾರನ್ನೂ ಕರೆಸಿ ವಿವರಣೆ ಕೊಡಿಸಬೇಡಿ.

ದೆವ್ವ ನಂಬ್ತೀರಾ ಅಂತ ಕೇಳಿದಿರಿ. ಇಲ್ಲ. ಗೌರಿಬಿದನೂರು ಹೊಸೂರಿನ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನ ಪರೀಕ್ಷಿಸೋಕೇ 1976ರಲ್ಲಿ ಸಮಿತಿ ಮಾಡಿದವರು. ಅವರ ಬರಹ ಓದಿ ಬೆಳೆದವನು ನಾನು, ಮೂಢನಂಬಿಕೆ ವಿಷಯದಲ್ಲಿ ಮನೆಯವರ ಹತ್ತಿರ ಜಗಳವನ್ನೂ ಆಡುತ್ತೀನಿ. ಆದರೆ ಅವತ್ತು ನಿಮ್ಮ ತಾಲ್ಲೂಕಿನ ಆ ಪಡಸಾಲೆಯಲ್ಲಿ ಎದ್ದು ಅಟ್ಟ ಹತ್ತಿ ನೋಡಲಿಲ್ಲ ಅನ್ನೋದನ್ನೂ ಬರೆದಿದ್ದೀನಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈ ಸಲ ಊರಿಗೆ ಹೋದಾಗ ಎರಡು ರಾತ್ರಿ ರೆಕಾರ್ಡರ್ ಹಚ್ಚಿಟ್ಟು ಮಲಗಿ. ಕಾಯಿ ಹಸಿ ಇದ್ದರೆ ಸದ್ದು ಬರಲ್ಲ, ಗಿಟುಕು ಕರಟ ಬಿಟ್ಟ ಅಟ್ಟವನ್ನೇ ನೋಡಿಕೊಳ್ಳಿ. ರೆಕಾರ್ಡಿಂಗ್ ಮುಗಿಯೋವರೆಗೆ ಇಲಿ ಬೋನು ಇಡಬೇಡಿ ಅಂತ ಅಮ್ಮನಿಗೆ ಹೇಳಿಡಿ.